ಈ ಲೇಖನ ಅವರೇ ಬರೆದದ್ದಾ, ಎಲ್ಲಿಂದಾದರೂ ತೆಗೆದದ್ದಾ?

ಪ್ರಶ್ನೆ: ನಮಸ್ಕಾರ ಮೇಡಂ. ವಿಜಯನಗರದ ನಮ್ಮ ಅಪಾರ್ಟ್‌ಮೆಂಟಿನ ಕನ್ನಡ ಸಂಘದಿಂದ ರಾಜ್ಯೋತ್ಸವಕ್ಕೆ ಸ್ಮರಣ ಸಂಚಿಕೆ ತರುತ್ತಿದ್ದೇವೆ. ಕಡಲೆಕಾಯಿ ಪರಿಷೆ ಬಗ್ಗೆ ಒಬ್ಬರು ಲೇಖನ ಕೊಟ್ಟಿದ್ದಾರೆ. ಕಾಗುಣಿತ ಸರಿ ಇದೆ, ಆದರೆ ಓದಿದರೆ ಯಾಕೋ ನಮ್ಮ ಮಾತು ಅನಿಸುವುದಿಲ್ಲ. ಮೊದಲ ಸಾಲು ಹೀಗಿದೆ: 'ಬಸವನಗುಡಿಯಲ್ಲಿರುವ ಗೂಳಿ ದೇವಾಲಯದ ಬಳಿ ಪ್ರತಿ ವರ್ಷ ನೆಲಗಡಲೆ ಮೇಳವನ್ನು ಆಯೋಜಿಸಲಾಗುತ್ತದೆ, ಇದು ರೈತರಿಗೆ ಒಂದು ಪ್ರಮುಖ ಸಂದರ್ಭವಾಗಿದೆ.' ಕೃತಿಚೌರ್ಯ ಹಿಡಿಯುವ ಸಾಫ್ಟ್‌ವೇರಿಗೆ ಹಾಕಿದೆ, ಏನೂ ಸಿಗಲಿಲ್ಲ. ನೀವು ಕರಡು ತಿದ್ದುವವರು, ಏನು ಮಾಡ್ತೀರಿ?

ಉತ್ತರ: ನಮಸ್ಕಾರ ಸರ್. ಬೆಂಗಳೂರಿನವರು ಯಾರೂ 'ಗೂಳಿ ದೇವಾಲಯ' ಅಂತ ಬರೆಯುವುದಿಲ್ಲ. ಅದು ದೊಡ್ಡ ಬಸವಣ್ಣನ ಗುಡಿ. ಬಡಾವಣೆಗೆ ಹೆಸರು ಬಂದದ್ದೇ ಅದರಿಂದ. ನಮ್ಮ ಬಸವಣ್ಣ ಇಂಗ್ಲಿಷಿಗೆ ಹೋಗಿ ಬುಲ್ ಆಗಿ, ವಾಪಸ್ ಬರುವಾಗ ಗೂಳಿಯಾಗಿದ್ದಾನೆ. ಪರಿಷೆ ಮೇಳವಾಗಿದೆ. ನೆಲಗಡಲೆ ಅನ್ನುವ ಪದ ಬೇರೆ ಕಡೆ ಇದೆ, ಆದರೆ ಆ ರಸ್ತೆಯಲ್ಲಿ ಗುಡ್ಡೆ ಹಾಕಿಕೊಂಡು ಸೇರಲ್ಲಿ ಅಳೆದು ಕೊಡುವವರು ಕಡಲೆಕಾಯಿ ಅಂತಲೇ ಕೂಗುವುದು. ಆ 'ಒಂದು ಪ್ರಮುಖ ಸಂದರ್ಭ' ನೋಡಿ. ನಾವು ಮಾತಾಡುವಾಗ ಅಲ್ಲಿ 'ಒಂದು' ಬರುವುದೇ ಇಲ್ಲ, ಅಲ್ವಾ? 2011ರಲ್ಲಿ ಗೂಗಲ್ ಅನುವಾದಕ್ಕೆ ಕನ್ನಡ ಬಂದ ಹೊಸದರಲ್ಲಿ ವಾಕ್ಯವೇ ಮುರಿದಿರುತ್ತಿತ್ತು, ಸುಲಭವಾಗಿ ಗೊತ್ತಾಗುತ್ತಿತ್ತು. ಈಗ ವಾಕ್ಯ ನೆಟ್ಟಗಿರುತ್ತದೆ. ಹಾಗಾಗಿ ನಾನು ಊರಿನ ಹೆಸರು, ಅಡುಗೆ ಸಾಮಾನು, ನೆಂಟಸ್ತಿಕೆಯ ಪದ ಇವನ್ನೇ ಮೊದಲು ನೋಡುತ್ತೇನೆ.

ಸಾಫ್ಟ್‌ವೇರಿಗೆ ಸಿಗದೇ ಇರುವುದು ಸಹಜ. ಅಂಥವು ಹೆಚ್ಚಾಗಿ ಪದಕ್ಕೆ ಪದ ಹೋಲಿಸುತ್ತವೆ. ಭಾಷೆ ಬದಲಾದ ಮೇಲೆ ಹೋಲಿಸಲು ಪದವೇ ಉಳಿಯುವುದಿಲ್ಲ. ಹೀಗೆ ಮಾಡಿ: ಇಸವಿ, ಅಳತೆ, ಹೆಸರು ಇರುವ ಎರಡು ಸಾಲು ಆರಿಸಿ ಇಂಗ್ಲಿಷಿಗೆ ತಿರುಗಿಸಿ, ಅದನ್ನು ಹುಡುಕಿ. ಮೂಲ ಇದ್ದರೆ ಬಹಳ ಸಲ ಅಲ್ಲೇ ಸಿಗುತ್ತದೆ. ಮೂಲದಲ್ಲಿರುವ ತಪ್ಪು ಇಸವಿಯೇ ಇಲ್ಲೂ ಇದ್ದರೆ ಮತ್ತೆ ಅನುಮಾನ ಬೇಡ.

ಪ್ರಶ್ನೆ: ಹುಡುಕಿದೆ ಮೇಡಂ. ಎಲ್ಲೂ ಇಲ್ಲ. ಹಾಗಾದರೆ ಕದ್ದದ್ದಲ್ವಾ? ಸಂಘದ ವಾಟ್ಸಾಪ್ ಗುಂಪಿನಲ್ಲೇ ಕೇಳಿಬಿಡೋಣ ಅಂತ ಇದ್ದೆ.

ಉತ್ತರ: ದಯವಿಟ್ಟು ಗುಂಪಿನಲ್ಲಿ ಕೇಳಬೇಡಿ ಸರ್. ಫೋನ್ ಮಾಡಿ. ನನಗೂ ಇಂಥದ್ದೇ ಒಂದು ಲೇಖನ ಬಂದಿತ್ತು, ಕದ್ದದ್ದೇ ಅಂದುಕೊಂಡಿದ್ದೆ. ಮಾತಾಡಿದಾಗ ಆಕೆ ಹೇಳಿದರು: ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಕನ್ನಡ ಬರೆಯಲು ಕೈ ಓಡುವುದಿಲ್ಲ, ಇಂಗ್ಲಿಷಿನಲ್ಲಿ ಬರೆದು ಮೊಬೈಲಿನಲ್ಲಿ ತಿರುಗಿಸಿದೆ ಅಂತ. ಬರೆದದ್ದು ಆಕೆಯೇ. ಪರಿಷೆಗೆ ಹೋಗಿದ್ದು ಹೇಳಿ ಅಂದೆ. ಕಾರ್ತಿಕದ ಕೊನೇ ಸೋಮವಾರ, ಅಪ್ಪನ ಹೆಗಲ ಮೇಲೆ ಕೂತು ಜನ ನೋಡಿದ್ದು, ಫ್ರಾಕಿನ ಜೇಬಲ್ಲಿ ಬಿಸಿ ಬಿಸಿ ಹುರಿದ ಕಡಲೆಕಾಯಿ, ಮನೆಗೆ ಬಂದ ಮೇಲೆ ಬೈಗುಳ. ಎಷ್ಟು ಚೆನ್ನಾಗಿ ಹೇಳಿದರು! ಹೇಳಿದಂತೆ ಟೈಪ್ ಮಾಡಿಕೊಂಡೆ. ಅಚ್ಚಾದದ್ದು ಅದೇ. ಬೆಂಗಳೂರಿನಲ್ಲಿ ಹೀಗೆ ಕನ್ನಡ ಬಾಯಲ್ಲಿದ್ದು ಕೈಗೆ ಬಾರದವರು ಜಾಸ್ತಿ. ಕಳ್ಳ ಅಂದುಬಿಟ್ಟರೆ ಅವರು ಮತ್ತೆ ಬರೆಯುವುದಿಲ್ಲ.

ಪ್ರಶ್ನೆ (ಇನ್ನೊಬ್ಬರು): ವಿಕಿಪೀಡಿಯದಿಂದ ತೆಗೆದದ್ದು ಅಂತ ಒಪ್ಪಿಕೊಂಡರೆ?

ಉತ್ತರ: ಅದನ್ನು ಬಳಸಲು, ಅನುವಾದಿಸಲು ಅವಕಾಶ ಇದೆ. ಆದರೆ ಮೂಲ ಹೇಳಬೇಕು, ಬದಲಾಯಿಸಿದ್ದೇವೆ ಅಂತ ತಿಳಿಸಬೇಕು, ಅದೇ ಲೈಸೆನ್ಸ್ ಕೊಡಬೇಕು, ಅಂದರೆ ನಿಮ್ಮ ಅನುವಾದವನ್ನೂ ಬೇರೆಯವರು ಅದೇ ಷರತ್ತಿನ ಮೇಲೆ ಬಳಸಲು ಬಿಡಬೇಕು. ಸುಮ್ನೆ ತಮ್ಮ ಹೆಸರು ಹಾಕಿಕೊಂಡರೆ ನಾನು ಒಪ್ಪುವುದಿಲ್ಲ.

ಪ್ರಶ್ನೆ: ನಾನೇ ಕೂತು ತಮಿಳಿನಿಂದ ಅನುವಾದ ಮಾಡಿದ ಕಥೆ ಇದೆ. ಯಂತ್ರ ಮುಟ್ಟಿಲ್ಲ. ಹಾಕಬಹುದಾ?

ಉತ್ತರ: ಶ್ರಮ ನಿಮ್ಮದೇ, ಆದರೂ ಅನುಮತಿ ಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅನುವಾದದ ಹಕ್ಕೂ ಮೂಲ ಹಕ್ಕುದಾರರದ್ದೇ. ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ ಲೆಕ್ಕ ಹಾಕಿ 60 ವರ್ಷ ಅದು ಉಳಿಯುತ್ತದೆ. ಲೇಖಕರು 1965ರಲ್ಲಿ ತೀರಿಕೊಂಡಿದ್ದರೆ 2025ರ ಕೊನೆಯವರೆಗೆ. ಲೇಖಕರ ಹೆಸರು ಕಳಿಸಿ, ವರ್ಷ ನೋಡಿ ಹೇಳುತ್ತೇನೆ. ಬದುಕಿದ್ದರೆ ಪ್ರಕಾಶಕರ ಮೂಲಕ ಪತ್ರ ಬರೆಯೋಣ, ಒಕ್ಕಣೆ ನಾನೇ ನೋಡಿಕೊಡುತ್ತೇನೆ.