ಸೀಸಿಯಂ ಮೆಷಿನ್ ರೂಮಿಗೆ ಬೀಗ, ಕ್ಯಾಮೆರಾ ಇದ್ರೆ ಸಾಕಲ್ವಾ? ಸೆಕ್ಯುರಿಟಿ ಜವಾಬ್ದಾರಿ ನನ್ನ ತಲೆಗೆ ಬಂದಿದೆ

ಹೊಸ_ಬೀಗದಕೈ:
ಎಲ್ಲರಿಗೂ ನಮಸ್ಕಾರ. ನಾನು ಆಸ್ಪತ್ರೆಯೊಂದರ ಮೇಂಟೆನೆನ್ಸ್ ವಿಭಾಗದವನು, ಜನರೇಟರು, ಲಿಫ್ಟು, ಆಕ್ಸಿಜನ್ ಲೈನು ಇಷ್ಟೇ ನನ್ನ ಪ್ರಪಂಚ. ಹೋದ ತಿಂಗಳು ಮೀಟಿಂಗಲ್ಲಿ "ಬೀಗದಕೈ ಎಲ್ಲಾ ನಿಮ್ಮ ಹತ್ರಾನೇ ಇರುತ್ತಲ್ಲ, ರೇಡಿಯೋಆಕ್ಟಿವ್ ಸೋರ್ಸ್‌ಗಳ ಸೆಕ್ಯುರಿಟಿನೂ ನೀವೇ ನೋಡ್ಕೊಳ್ಳಿ" ಅಂದ್ಬಿಟ್ರು. ಆಗ ಹೂಂ ಅಂದೆ, ಆಮೇಲೆ ಕೂತು ಯೋಚಿಸಿದ್ರೆ ಏನು ನೋಡ್ಕೋಬೇಕು ಅನ್ನೋದೇ ಗೊತ್ತಿಲ್ಲ.

ಇರೋದು ಎರಡು ಸೋರ್ಸ್, ಅಂದ್ರೆ ವಿಕಿರಣ ಸೂಸೋ ವಸ್ತು. ಬ್ಲಡ್ ಬ್ಯಾಂಕಲ್ಲಿ ಸೀಸಿಯಂ ಇರೋ ಬ್ಲಡ್ ಇರ್ರೇಡಿಯೇಟರ್ (ರಕ್ತಕ್ಕೆ ವಿಕಿರಣ ಕೊಡೋ ಮೆಷಿನ್) ಒಂದು, ದಿನಾ ಓಡುತ್ತೆ. ಇನ್ನೊಂದು ಹಳೇ ಕೋಬಾಲ್ಟ್ ಟೆಲಿಥೆರಪಿ ಮೆಷಿನ್ (ಹೊರಗಿಂದ ವಿಕಿರಣ ಬಿಟ್ಟು ಕ್ಯಾನ್ಸರ್‌ಗೆ ಚಿಕಿತ್ಸೆ ಕೊಡೋದು), ಕರೆಂಟಲ್ಲಿ ಓಡೋ ಲಿನಾಕ್ ಮೆಷಿನ್ ಬಂದ ಮೇಲೆ ಅದನ್ನ ಯಾರೂ ಮುಟ್ಟಿಲ್ಲ, ರೂಮಿಗೆ ಬೀಗ ಹಾಕಿದೆ ಅಷ್ಟೇ. ನನ್ನ ಡೌಟ್ ಏನಂದ್ರೆ, ಇರ್ರೇಡಿಯೇಟರ್ ಒಂದು ಟನ್ನಿಗಿಂತ ಜಾಸ್ತಿ ತೂಕ, ಅದನ್ನ ಯಾರು ಹೊತ್ಕೊಂಡು ಹೋಗ್ತಾರೆ? ರೇಡಿಯೇಶನ್ ಸೇಫ್ಟಿ ಆಫೀಸರ್ ಮೀಟರ್ ಹಿಡಿದು ನೋಡಿ ಎಲ್ಲಾ ಸರಿಯಿದೆ ಅಂತ ಪ್ರತಿ ಸಲ ಸೈನ್ ಹಾಕ್ತಾರೆ. ಬೀಗ ಇದೆ, ಕ್ಯಾಮೆರಾ ಇದೆ. ಇನ್ನೇನು ಬೇಕು?

(ಎಡಿಟ್: ಯಾವ ಮಹಡಿ, ಬಾಗಿಲು ಯಾವ ಕಡೆ ಅಂತೆಲ್ಲ ಬರೆದಿದ್ದೆ, ಕೆಳಗೆ ಬೈಸ್ಕೊಂಡ ಮೇಲೆ ತೆಗೆದಿದೀನಿ.)

ಫಿಸಿಕ್ಸ್_ಮೇಷ್ಟ್ರು:
ಮೊದಲು ಆ ಮಹಡಿ, ಬಾಗಿಲು, ಮೆಷಿನ್ ಮಾಡೆಲ್ ಎಲ್ಲಾ ಅಳಿಸಿ ಮಾರಾಯ್ರೇ, ಆಮೇಲೆ ಮಾತಾಡೋಣ. ಸೋರ್ಸ್ ಎಲ್ಲಿದೆ, ಬೀಗ ಎಂಥದ್ದು, ಗಾರ್ಡ್ ಯಾವಾಗ ಬದಲಾಗ್ತಾನೆ ಅನ್ನೋದು ಊರಿಗೆಲ್ಲ ಹೇಳೋ ವಿಷಯ ಅಲ್ಲ. ಸೆಕ್ಯುರಿಟಿ ಶುರುವಾಗೋದೇ ಅಲ್ಲಿಂದ.

...ಸರಿ, ಅಳಿಸಿದ್ರಿ, ಥ್ಯಾಂಕ್ಸ್.

ನಾನು ಮೆಡಿಕಲ್ ಫಿಸಿಸಿಸ್ಟ್ ಆಗಿ ರಿಟೈರ್ ಆದವನು. ನಿಮ್ಮ ಆಫೀಸರ್ ಮೀಟರ್ ಹಿಡಿದು ನೋಡೋದು ಸೇಫ್ಟಿ, ಅಂದ್ರೆ ಸೋರ್ಸಿಂದ ಜನರನ್ನ ಕಾಪಾಡೋದು. ನಿಮಗೆ ವಹಿಸಿರೋದು ಸೆಕ್ಯುರಿಟಿ, ಜನರಿಂದ ಸೋರ್ಸನ್ನ ಕಾಪಾಡೋದು. ಎರಡೂ ಒಂದೇ ಅಂದ್ಕೊಂಡಿರೋರೇ ಜಾಸ್ತಿ. ಕೆಲವು ಸಲ ಎರಡೂ ಒಂದಕ್ಕೊಂದು ಎದುರು ನಿಲ್ಲುತ್ತೆ, ಸೇಫ್ಟಿಯವರು ಬಾಗಿಲ ಮೇಲೆ ದೊಡ್ಡ ಬೋರ್ಡ್ ಬೇಕು ಅಂತಾರೆ, ಬೆಂಕಿ ಬಿದ್ರೆ ಬಾಗಿಲು ತಾನಾಗೇ ತೆರೀಬೇಕು ಅಂತಾರೆ, ಸೆಕ್ಯುರಿಟಿಯವನಿಗೆ ಅದೇ ತಲೆನೋವು. ಇಬ್ಬರೂ ಒಂದೇ ಟೇಬಲ್ಲಲ್ಲಿ ಕೂತು ಮಾಡಬೇಕಾದ ಕೆಲಸ ಇದು.

ಐಎಇಎ, ಅಂದ್ರೆ ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆ, ಸೋರ್ಸ್‌ಗಳನ್ನ ಐದು ವರ್ಗ ಮಾಡಿದೆ. ನಿಮ್ಮ ಹತ್ರ ಇರೋ ಎರಡೂ ಥರದವು, ಟೆಲಿಥೆರಪಿ ಮತ್ತು ಬ್ಲಡ್ ಇರ್ರೇಡಿಯೇಟರ್, ಅದರಲ್ಲಿ 1ನೇ ವರ್ಗ. ಮೆದುಳಿನ ಗೆಡ್ಡೆಗೆ ವಿಕಿರಣ ಕೊಡೋ ಗಾಮಾ ನೈಫ್ ಕೂಡ ಅದೇ. ಇರಿಡಿಯಂ ಹಾಕಿರೋ ಎಚ್‌ಡಿಆರ್ ಬ್ರಾಕಿಥೆರಪಿ (ಸೋರ್ಸನ್ನ ಗೆಡ್ಡೆ ಹತ್ರಾನೇ ಇಟ್ಟು ಕೊಡೋ ಚಿಕಿತ್ಸೆ) 2ನೇ ವರ್ಗ. 1ನೇ ವರ್ಗ ಅಂದ್ರೆ ಕವಚ ಇಲ್ಲದೆ ಹತ್ತಿರ ಕೂತ್ರೆ ಕೆಲವು ನಿಮಿಷದಿಂದ ಒಂದು ಗಂಟೆ ಒಳಗೆ ಜೀವಕ್ಕೇ ಕುತ್ತು. ರಕ್ತದ ಚೀಲ ಒಂದಕ್ಕೆ 25 ಗ್ರೇ (ವಿಕಿರಣದ ಡೋಸ್ ಅಳೆಯೋ ಮಾನ) ಕೊಟ್ಟು ಲಿಂಫೋಸೈಟ್ ಅನ್ನೋ ಬಿಳಿ ರಕ್ತಕಣಗಳನ್ನ ಸುಮ್ಮನಾಗಿಸೋ ಮೆಷಿನ್ ಆ ಇರ್ರೇಡಿಯೇಟರ್, ಆಟದ ಸಾಮಾನಲ್ಲ.

ಇನ್ನು ಒಂದು ಟನ್ ತೂಕದ ಮಾತು. ಕಳ್ಳ ಮೆಷಿನ್ ಹೊತ್ಕೊಂಡು ಹೋಗಬೇಕಾಗಿಲ್ಲ. ಗೊಯಾನಿಯಾ ಕಥೆ ಕೇಳಿದೀರಾ? ಬ್ರೆಜಿಲ್, 1987. ರೇಡಿಯೋಥೆರಪಿ ಕ್ಲಿನಿಕ್ ಒಂದು ಬೇರೆ ಕಡೆ ಹೋಯ್ತು, ಸೀಸಿಯಂ ಮೆಷಿನ್ ಖಾಲಿ ಕಟ್ಟಡದಲ್ಲೇ ಉಳೀತು. ಇಬ್ಬರು ಬಂದು ಒಳಗಿನ ಜೋಡಣೆ ಬಿಚ್ಚಿ ತಗೊಂಡು ಹೋಗಿ ಗುಜರಿಗೆ ಮಾರಿದ್ರು. ಒಳಗಿದ್ದ ಪುಡಿ ಕತ್ತಲಲ್ಲಿ ನೀಲಿಯಾಗಿ ಹೊಳೀತಿತ್ತು, ಚೆಂದ ಇದೆ ಅಂತ ನೆಂಟರಿಷ್ಟರಿಗೆ ಹಂಚಿದ್ರು, ಮೈಗೆ ಹಚ್ಕೊಂಡ್ರು. ನಾಲ್ಕು ಜನ ಸತ್ರು, ಅದರಲ್ಲಿ ಒಂದು 6 ವರ್ಷದ ಮಗು. ಒಂದು ಲಕ್ಷಕ್ಕೂ ಜಾಸ್ತಿ ಜನರನ್ನ ಸ್ಟೇಡಿಯಂನಲ್ಲಿ ಸಾಲು ನಿಲ್ಲಿಸಿ ತಪಾಸಣೆ ಮಾಡಬೇಕಾಯ್ತು, 249 ಜನರ ಮೈಮೇಲೋ ಒಳಗೋ ಸೀಸಿಯಂ ಸಿಕ್ತು. ಇದಕ್ಕೆಲ್ಲ ಕಾರಣವಾದ ಪುಡಿ ನೂರು ಗ್ರಾಮೂ ಇರಲಿಲ್ಲ.

ಅವರಿಗೆ ಅದು ಏನು ಅಂತಾನೇ ಗೊತ್ತಿರಲಿಲ್ಲ. ಸೋರ್ಸನ್ನ ಬಾಂಬಿಗೆ ಕಟ್ಟೋ ದುಷ್ಟರನ್ನೇ ಎಲ್ಲರೂ ಊಹಿಸ್ಕೊಳ್ತಾರೆ, ಆ ಭಯ ಸುಳ್ಳಲ್ಲ, ಆದ್ರೆ ಗುಜರಿ ದಾರೀಲೂ ಹೆಣ ಬಿದ್ದಿವೆ.

ನೈಟ್‌ಡ್ಯೂಟಿ:
ಬ್ಲಡ್ ಬ್ಯಾಂಕ್ ಟೆಕ್ನಿಷಿಯನ್ ನಾನು. ಮೇಷ್ಟ್ರು ಹೇಳಿದ್ದೆಲ್ಲ ಸರಿ, ಆದ್ರೆ ರಾತ್ರಿ ಎರಡು ಗಂಟೆಗೆ ಬೋನ್ ಮ್ಯಾರೋ ವಾರ್ಡಿಂದ ಫೋನ್ ಬರುತ್ತೆ, ಇರ್ರೇಡಿಯೇಟ್ ಮಾಡಿದ ಪ್ಲೇಟ್‌ಲೆಟ್ ಈಗಲೇ ಬೇಕು ಅಂತ, ಆಗ ಕಾರ್ಡು, ಪಿನ್ನು, ಎರಡನೇ ಮನುಷ್ಯ ಅಂತ ಕಾಯ್ತಾ ಕೂರೋದು ಯಾರು? ನಮ್ಮಲ್ಲಿ ಇಬ್ಬರು ಇದ್ರೇನೇ ಒಳಗೆ ಹೋಗಬೇಕು ಅಂತ ರೂಲ್ ಮಾಡಿದ್ರು, ರಾತ್ರಿ ಪಾಳೀಲಿ ಇರೋದೇ ಒಬ್ಬರು. ಒಂದು ವಾರ ಆಗೋಷ್ಟರಲ್ಲಿ ಬಾಗಿಲಿಗೆ ಫೈರ್ ಎಕ್ಸ್‌ಟಿಂಗ್ವಿಷರ್ ಒತ್ತು ಕೊಟ್ಟು ತೆರೆದಿಡೋ ಅಭ್ಯಾಸ ಆಯ್ತು. ಬಾಗಿಲು ತೆರೆದಿದ್ರೆ ಬಡ್ಕೊಳ್ಳೋ ಬಝರ್ ಮೇಲೆ ಯಾರೋ ಪ್ಲಾಸ್ಟರ್ ಮೆತ್ತಿದ್ರು, ಡ್ರೆಸಿಂಗ್‌ಗೆ ಹಾಕೋ ಬಿಳಿ ಪ್ಲಾಸ್ಟರೇ. ನಾನಲ್ಲ, ಆದ್ರೆ ನಾನೂ ತೆಗೀಲಿಲ್ಲ.

ಹಂಗಾಗಿ ಹೊಸ_ಬೀಗದಕೈ ಅವರೇ, ಏನೇ ಹಾಕೋ ಮೊದಲು ಆ ರೂಮಲ್ಲಿ ಕೆಲಸ ಮಾಡೋರನ್ನ ಒಂದು ಮಾತು ಕೇಳಿ.

ತಿರುಗುಬಾಣ:
ಪ್ಲಾಸ್ಟರ್ 😂😂 ಇದೇನು ಒಂದೇ ಕಡೆ ಕಥೆ ಅಲ್ಲ ಬಿಡಿ. ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧಕರು, ಜಿಎಓ ಅಂತಾರಲ್ಲ, 2012ರಲ್ಲಿ ಆಸ್ಪತ್ರೆಗಳಿಗೆ ಹೋಗಿ ನೋಡಿ ರಿಪೋರ್ಟ್ ಕೊಟ್ರು. ಒಂದು ಆಸ್ಪತ್ರೇಲಿ ಸುಮಾರು 1,500 ಕ್ಯೂರಿ (ಸೋರ್ಸಿನ ಸತ್ವ ಅಳೆಯೋ ಮಾನ) ಸೀಸಿಯಂ ಇರೋ ರೂಮಿನ ಕಾಂಬಿನೇಶನ್ ಲಾಕಿನ ನಂಬರನ್ನ ಬಾಗಿಲಿನ ಚೌಕಟ್ಟಿನ ಮೇಲೇ ಬರೆದಿಟ್ಟಿದ್ರು. ಇನ್ನೊಂದು ಕಡೆ ಇರ್ರೇಡಿಯೇಟರನ್ನ ಚಕ್ರ ಇರೋ ಹಲಗೆ ಮೇಲೆ ಇಟ್ಟಿದ್ರು, ಅದೂ ಲಾರಿ ಬಂದು ನಿಲ್ಲೋ ಲೋಡಿಂಗ್ ಡಾಕ್ ಹತ್ರಾನೇ. ಒಂದು ಟನ್ನಂತೆ! ಚಕ್ರ ಕಟ್ಟಿ ಕೊಟ್ಟಿದ್ದಾರೆ ಸ್ವಾಮಿ.

ಫಿಸಿಕ್ಸ್_ಮೇಷ್ಟ್ರು:
ನೈಟ್‌ಡ್ಯೂಟಿ ಹೇಳಿದ್ದನ್ನ ನಾನು ಬಾಯಿ ಮುಚ್ಕೊಂಡು ಒಪ್ತೀನಿ. ಇಬ್ಬರು ಇರಬೇಕು ಅನ್ನೋ ರೂಲ್ ಒಳ್ಳೇದೇ, ಆದ್ರೆ ಇಬ್ಬರನ್ನ ಡ್ಯೂಟಿಗೆ ಹಾಕದೆ ರೂಲ್ ಮಾತ್ರ ಹಾಕಿದ್ರೆ ಅದು ಪ್ಲಾಸ್ಟರಿಗೇ ದಾರಿ. ಎರಡನೇ ಮನುಷ್ಯ ಬ್ಲಡ್ ಬ್ಯಾಂಕಿನವನೇ ಆಗಬೇಕು ಅಂತೇನಿಲ್ಲ, ಕಂಟ್ರೋಲ್ ರೂಮಲ್ಲಿ ಕೂತೋನು ಕ್ಯಾಮೆರಾದಲ್ಲಿ ಮುಖ ನೋಡಿ ಬಾಗಿಲು ಬಿಡೋ ಹಾಗೆ ಮಾಡಬಹುದು.

ಈಗ ಬೀಗದ ಪ್ರಶ್ನೆ. ಬೀಗ ಯಾರನ್ನೂ ನಿಲ್ಲಿಸಲ್ಲ, ತಡ ಮಾಡುತ್ತೆ ಅಷ್ಟೇ. ಗೊತ್ತಾಗೋದು, ತಡ ಮಾಡಿಸೋದು, ಯಾರಾದ್ರೂ ಓಡಿ ಬರೋದು, ಈ ಮೂರೂ ಸೇರಿದ್ರೇನೇ ಸೆಕ್ಯುರಿಟಿ. ಕಳ್ಳ ಬಾಗಿಲು ಮುಟ್ಟಿದ ಕೂಡಲೇ ಅಲಾರ್ಮ್ ಬಡೀಬೇಕು, ಅಲ್ಲಿಂದ ಅವನಿಗೆ ಸೋರ್ಸ್ ಸಿಗೋಕೆ ಹಿಡಿಯೋ ಹೊತ್ತು ನಿಮ್ಮ ಜನ ಬಂದು ಮುಟ್ಟೋ ಹೊತ್ತಿಗಿಂತ ಜಾಸ್ತಿ ಇರಬೇಕು. ಬೀಗ ಮುರಿದ ಮೇಲೆ ಬಡಿಯೋ ಅಲಾರ್ಮ್ ಇದ್ರೆ ಆ ಬೀಗದ ಹೊತ್ತೆಲ್ಲ ದಂಡ. ಯಾರೂ ನೋಡದ ಕ್ಯಾಮೆರಾ ಅಂತೂ ಬೆಳಿಗ್ಗೆ ಬಂದು "ಹೋಯ್ತಲ್ಲಪ್ಪಾ" ಅಂತ ನೋಡೋಕೆ ಮಾತ್ರ.

ನಾನಿದ್ದ ಕಡೆ ಒಂದ್ಸಲ ರಾತ್ರಿ ಹೇಳದೆ ಕೇಳದೆ ಅಲಾರ್ಮ್ ಬಡಿಸಿ ವಾಚ್ ನೋಡ್ತಾ ನಿಂತೆ. ಹತ್ತು ನಿಮಿಷ, ಯಾರೂ ಇಲ್ಲ. 19ನೇ ನಿಮಿಷಕ್ಕೆ ಗಾರ್ಡ್ ಬಂದ, ಪಾಪ ಓಡಿಕೊಂಡೇ ಬಂದ, ಕೈಯಲ್ಲಿ ದೊಡ್ಡ ಬೀಗದಕೈ ಗೊಂಚಲು, ಒಂದೊಂದೇ ಹಾಕಿ ನೋಡ್ತಾನೆ, ಯಾವುದೂ ಆಗಲ್ಲ, ಅದು ಲಾಂಡ್ರಿ ಬ್ಲಾಕಿನ ಗೊಂಚಲು. ಅವನಿಗೆ ಆ ರೂಮಲ್ಲಿ ಏನಿದೆ ಅಂತ ಯಾರೂ ಹೇಳಿರಲಿಲ್ಲ, "ಎಕ್ಸ್‌ರೇ ರೂಮಲ್ವಾ ಸಾರ್" ಅಂದ. ತಪ್ಪು ಅವನದಾ? ನೀವೂ ಮೊದಲು ಇದೊಂದು ಮಾಡಿ, ದುಡ್ಡು ಖರ್ಚಿಲ್ಲ. ಪೊಲೀಸ್ ಸ್ಟೇಷನ್ನಿನವರನ್ನೂ ಒಂದ್ಸಲ ಕರೆದು ಬಾಗಿಲು ತೋರಿಸಿ, ನಿಜವಾಗಿ ಫೋನ್ ಹೋದ ದಿನ ಅವರು ಗೇಟಲ್ಲಿ ವಿಳಾಸ ಕೇಳ್ತಾ ನಿಲ್ಲಬಾರದು.

ಹೊಸ_ಬೀಗದಕೈ:
ಮೇಷ್ಟ್ರೇ, ಎದೆ ಧಸಕ್ ಅಂತು. ಆದ್ರೆ ಕೋಬಾಲ್ಟ್ ಮೆಷಿನ್ ಬಗ್ಗೆ ಅಷ್ಟು ತಲೆ ಕೆಡಿಸ್ಕೋಬೇಡ, ಹದಿನೈದು ವರ್ಷ ಆಯ್ತು, ಅದರ ಸತ್ವ ಹೋಗಿದೆ ಅಂತ ನಮ್ಮ ಆಸ್ಪತ್ರೇಲಿ ಒಬ್ಬರು ಹೇಳಿದ್ರು. ಹೌದಾ?

ತಿರುಗುಬಾಣ:
ಅವರನ್ನ ಆ ರೂಮಲ್ಲೇ ಮಲಗೋಕೆ ಹೇಳಿ.

ಗುಜರಿ_ಗೀಗರ್:
ತಮಾಷೆ ಇರಲಿ, ಲೆಕ್ಕ ಹಾಕೋಣ. ಕೋಬಾಲ್ಟ್-60ರ ಅರ್ಧಾಯುಷ್ಯ, ಅಂದ್ರೆ ಸತ್ವ ಅರ್ಧಕ್ಕೆ ಇಳಿಯೋಕೆ ಬೇಕಾದ ಕಾಲ, 5.27 ವರ್ಷ. ಹದಿನೈದು ವರ್ಷಕ್ಕೆ ಹತ್ರ ಹತ್ರ ಏಳನೇ ಒಂದು ಪಾಲು ಉಳಿಯುತ್ತೆ. ಆಗ 3,000 ಕ್ಯೂರಿ ಇತ್ತು ಅಂದ್ಕೊಂಡ್ರೂ ಈಗ 400ರ ಮೇಲಿದೆ. ಕ್ಯಾನ್ಸರ್ ಟ್ರೀಟ್‌ಮೆಂಟಿಗೆ ಅದು ಸಾಲಲ್ಲ, ಒಬ್ಬೊಬ್ಬ ಪೇಷೆಂಟನ್ನ ತುಂಬಾ ಹೊತ್ತು ಮಲಗಿಸಬೇಕಾಗುತ್ತೆ, ಅದಕ್ಕೇ ಸತ್ವ ಹೋಗಿದೆ ಅಂತಾರೆ. ಆದ್ರೆ ಥೈಲ್ಯಾಂಡಿನ ಸಮುತ್ ಪ್ರಕಾನಲ್ಲಿ 2000ನೇ ಇಸವೀಲಿ ಏನಾಯ್ತು ನೋಡಿ. ಬಳಕೆ ಬಿಟ್ಟ ಟೆಲಿಥೆರಪಿ ಹೆಡ್‌ಗಳನ್ನ ಕಾವಲಿಲ್ಲದ ಪಾರ್ಕಿಂಗ್ ಜಾಗದಲ್ಲಿ ಇಟ್ಟಿದ್ರು, ಒಂದು ಗುಜರಿಗೆ ಹೋಯ್ತು, ಅಲ್ಲಿ ಕೊಯ್ದು ಬಿಚ್ಚಿದ್ರು. ಮೂರು ಜನ ಸತ್ರು. ಆ ಸೋರ್ಸಲ್ಲಿ ಆಗ ಉಳಿದಿದ್ದು ಸುಮಾರು 425 ಕ್ಯೂರಿ. ನಿಮ್ಮ "ಸತ್ವ ಹೋದ" ಮೆಷಿನ್ ಹೆಚ್ಚುಕಡಿಮೆ ಅಲ್ಲೇ ಇದೆ.

ನನ್ನ ಕೇಳಿದ್ರೆ ನಿಮ್ಮಲ್ಲಿ ನಿಜವಾಗಿ ಅಪಾಯ ಇರೋದು ಆ ರೂಮಲ್ಲೇ, ಬ್ಲಡ್ ಬ್ಯಾಂಕಲ್ಲಿ ಅಲ್ಲ. ದಿನಾ ಓಡೋ ಮೆಷಿನ್ ಕಾಣೆಯಾದ್ರೆ ಒಂದು ಗಂಟೇಲಿ ಗಲಾಟೆ ಆಗುತ್ತೆ, ಯಾಕಂದ್ರೆ ಅದು ಯಾರಿಗಾದ್ರೂ ಬೇಕು. ಯಾರಿಗೂ ಬೇಡದ್ದು ಹೋದ್ರೆ ಗೊತ್ತಾಗೋದು ಯಾವಾಗ? ಮೆಕ್ಸಿಕೋದ ಹ್ವಾರೆಸ್‌ನಲ್ಲಿ ಹಾಗೇ ಆಯ್ತು. ಆಸ್ಪತ್ರೆಯವರು 1977ರಲ್ಲಿ ತಗೊಂಡ ಕೋಬಾಲ್ಟ್ ಮೆಷಿನ್, ಒಂದು ದಿನಾನೂ ಓಡಿಸಲಿಲ್ಲ, ಗೋಡೌನಲ್ಲಿ ಬಿದ್ದಿತ್ತು. 1983ರ ಕೊನೇಲಿ ಅದನ್ನ ಬಿಚ್ಚಿ ಗುಜರಿಗೆ ಹಾಕಿದ್ದು ಹೊರಗಿನ ಕಳ್ಳ ಅಲ್ಲ, ಅದೇ ಆಸ್ಪತ್ರೆಯ ಮೇಂಟೆನೆನ್ಸ್ ಎಲೆಕ್ಟ್ರಿಷಿಯನ್ (ನಿಮ್ಮ ವಿಭಾಗದವರೇ, ಬೇಜಾರು ಮಾಡ್ಕೋಬೇಡಿ). ಸುಮಾರು ಆರು ಸಾವಿರ ಸಣ್ಣ ಕಾಳುಗಳು ಗುಜರಿ ಕಬ್ಬಿಣದ ಜೊತೆ ಕರಗಿ ಕಟ್ಟಡದ ಕಂಬಿ ಆಗಿ ಊರೂರಿಗೆ ಹೋದವು. ಯಾರೂ ಕಂಪ್ಲೇಂಟ್ ಕೊಟ್ಟಿರಲಿಲ್ಲ. 1984ರ ಜನವರೀಲಿ ಕಂಬಿ ತುಂಬಿದ ಲಾರಿಯೊಂದು ಅಮೆರಿಕದ ಲಾಸ್ ಅಲಮೋಸ್ ಲ್ಯಾಬಿನ ಡಿಟೆಕ್ಟರ್ ಹತ್ರ ಹಾದು ಅಲಾರ್ಮ್ ಹೊಡೆದಾಗಲೇ ಜಗತ್ತಿಗೆ ಗೊತ್ತಾಗಿದ್ದು. ಲಾರಿ ದಾರಿ ತಪ್ಪಿ ಆ ಕಡೆ ಹೋಗದೇ ಇದ್ದಿದ್ರೆ?

ಹಾಗಾಗಿ ಒಳಗಿನವರ ಮೇಲೂ ಕಣ್ಣಿರಬೇಕು. ಅನುಮಾನದಿಂದ ನೋಡಿ ಅಂತಲ್ಲ, ಯಾರಿಗೆ ಬೀಗದಕೈ ಇದೆ ಅಂತ ಲೆಕ್ಕ ಇಡಿ, ಕೆಲಸ ಬಿಟ್ಟು ಹೋದವನ ಕಾರ್ಡ್ ಅವತ್ತೇ ಕ್ಯಾನ್ಸಲ್ ಮಾಡಿ. ರೂಮಿನ ಬೀಗ ನೋಡಿ ರಿಜಿಸ್ಟರಲ್ಲಿ ಟಿಕ್ ಹಾಕೋದು ಬಿಟ್ಟು ಸೋರ್ಸ್ ಒಳಗೇ ಇದೆ ಅಂತ ಮೀಟರ್ ಇಟ್ಟು ನೋಡಿ ಬರೀರಿ.

ಮತ್ತೆ ಅದನ್ನ ವಾಪಸ್ ಕಳಿಸೋ ಕೆಲಸ ಶುರು ಮಾಡಿ. ಮಾರಿದ ಕಂಪನಿ ಇದ್ರೆ ಅವರಿಗೆ, ಇಲ್ಲಾಂದ್ರೆ ಸರ್ಕಾರದ ಅನುಮತಿ ಇರೋ ಸ್ಟೋರೇಜಿಗೆ. ಸಾಗಿಸೋವಾಗ ಇನ್ನೂ ಹುಷಾರು. 2013ರ ಡಿಸೆಂಬರಲ್ಲಿ ಮೆಕ್ಸಿಕೋದಲ್ಲೇ ಆಸ್ಪತ್ರೆಯ ಹಳೇ ಕೋಬಾಲ್ಟ್, ಸುಮಾರು 3,000 ಕ್ಯೂರಿ, ಸ್ಟೋರೇಜಿಗೆ ಹೋಗ್ತಿತ್ತು. ಡ್ರೈವರ್ ಪೆಟ್ರೋಲ್ ಬಂಕ್ ಹತ್ರ ನಿಲ್ಲಿಸಿದ್ದಾಗ ಗನ್ ತೋರಿಸಿ ಲಾರೀನೇ ಹೊಡ್ಕೊಂಡು ಹೋದ್ರು. ಆಮೇಲೆ ಕವಚದಿಂದ ಹೊರಗೆ ತೆಗೆದ ಸೋರ್ಸ್ ಬಯಲಲ್ಲಿ ಸಿಕ್ತು.

ನೈಟ್‌ಡ್ಯೂಟಿ:
ಸೀಸಿಯಂದೂ ಒಂದು ಮಾತು ಸೇರಿಸ್ತೀನಿ. ಅದು ಕ್ಲೋರೈಡ್, ಉಪ್ಪಿನ ಥರ, ನೀರಲ್ಲಿ ಕರಗುತ್ತೆ, ಒಡೆದ್ರೆ ಎಲ್ಲಾ ಕಡೆ ಅಂಟ್ಕೊಳ್ಳುತ್ತೆ, ಮೂವತ್ತು ವರ್ಷಕ್ಕೆ ಅರ್ಧ ಕಮ್ಮಿ ಆಗೋದು. ನಮ್ಮಲ್ಲಿ ಈಗ ಎಕ್ಸ್‌ರೇ ಇರ್ರೇಡಿಯೇಟರ್ ಬಂದಿದೆ, ಸ್ವಿಚ್ ಆಫ್ ಮಾಡಿದ್ರೆ ಒಳಗೆ ಕದಿಯೋಕೆ ಏನೂ ಇಲ್ಲ. ಟ್ಯೂಬ್ ಕೈಕೊಡುತ್ತೆ, ಸರ್ವಿಸಿಗೆ ಕಾಯಬೇಕು, ಗೊಣಗ್ತೀವಿ. ಆದ್ರೂ ರಾತ್ರಿ ಆ ರೂಮಿಗೆ ಒಬ್ಬಳೇ ಹೋಗ್ತೀನಿ, ಪಿನ್ನೂ ಇಲ್ಲ, ಪ್ಲಾಸ್ಟರೂ ಇಲ್ಲ. ಫ್ರಾನ್ಸ್, ನಾರ್ವೆ ದೇಶಗಳು ಬ್ಲಡ್ ಬ್ಯಾಂಕಿನ ಸೀಸಿಯಂ ಮೆಷಿನ್‌ಗಳನ್ನ ಪೂರ್ತಿ ತೆಗೆದುಹಾಕಿವೆ. ಮುಂದಿನ ಬಜೆಟ್ ಮೀಟಿಂಗಲ್ಲಿ ಇದನ್ನ ಎತ್ತಿ.

ಹೊಸ_ಬೀಗದಕೈ:
ಒಂದು ಅಪ್‌ಡೇಟ್. ನಿನ್ನೆ ಸೇಫ್ಟಿ ಆಫೀಸರನ್ನ ಕರ್ಕೊಂಡು ಕೋಬಾಲ್ಟ್ ರೂಮಿಗೆ ಹೋದೆ. ಮೀಟರ್ ಪ್ರಕಾರ ಸೋರ್ಸ್ ಅದರ ಜಾಗದಲ್ಲೇ ಇದೆ, ಮೆಷಿನ್ ಹೆಡ್ ಮೇಲಿನ ಸ್ಕ್ರೂಗಳನ್ನ ಯಾರೂ ಮುಟ್ಟಿಲ್ಲ. ಆದ್ರೆ ಮೂಲೇಲಿ ಎರಡು ಮುರಿದ ವೀಲ್‌ಚೇರು, ಒಂದಷ್ಟು ಹಳೇ ಕಿಟಕಿ ಗ್ರಿಲ್ಲು, ಗೋಡೆಗೆ ಒರಗಿಸಿದ ಏಣಿ. ಯಾರೋ ಸ್ಟೋರ್ ರೂಮ್ ಮಾಡ್ಕೊಂಡಿದ್ದಾರೆ, ಅಂದ್ರೆ ನನ್ನ ಲೆಕ್ಕದಲ್ಲಿಲ್ಲದ ಬೀಗದಕೈ ಯಾರದೋ ಕೈಲಿದೆ. ಏಣಿ ಮೇಲೆ ನಮ್ಮ ವಿಭಾಗದ್ದೇ ನಂಬರ್ ಇತ್ತು.

ಇವತ್ತು ಬೀಗ ಬದಲಾಯಿಸಿದೀನಿ. ಅಲಾರ್ಮ್ ಟೆಸ್ಟ್ ಈ ವಾರ, ಯಾವತ್ತು ಅಂತ ಇಲ್ಲಿ ಬರೆಯಲ್ಲ ಮೇಷ್ಟ್ರೇ, ಕಲಿತಿದೀನಿ.