ಸಹಾಯ ಬೇಕು: ನೈಕ್ರೋಮ್ ತಂತಿ ಹೊಸೆದ ಮೇಲೆ ಬಿಸಿ ಒಂದೇ ಸಮ ಬರ್ತಿಲ್ಲ

ಎಲ್ಲರಿಗೂ ನಮಸ್ಕಾರ. ಮಗಳ ಗ್ಲೈಡರ್ ರೆಕ್ಕೆಗೆ ಥರ್ಮೋಕೋಲ್ ಕತ್ತರಿಸಲು ಮನೆಯಲ್ಲೇ ಬಿಸಿ ತಂತಿಯ ಕಟರ್ ಮಾಡುತ್ತಿದ್ದೇನೆ. 0.32 ಮಿ.ಮೀ. ದಪ್ಪದ ನೈಕ್ರೋಮ್ ತಂತಿ (ಕರೆಂಟ್ ಹರಿದರೆ ಬಿಸಿಯಾಗುವ ನಿಕಲ್-ಕ್ರೋಮಿಯಂ ತಂತಿ), 60 ಸೆಂ.ಮೀ. ಉದ್ದ, 12 ವೋಲ್ಟ್ 2 ಆಂಪ್ ಅಡಾಪ್ಟರ್. ಒಂಟಿ ಎಳೆಯ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಸುಮಾರು 8 ಓಮ್ ಇತ್ತು, ಒಂದೂವರೆ ಆಂಪ್‌ನಲ್ಲಿ ಬೆಣ್ಣೆ ಕತ್ತರಿಸಿದ ಹಾಗೆ ಕತ್ತರಿಸುತ್ತಿತ್ತು. ಆದರೆ ಬಿಸಿಯಾದಾಗ ಜೋತು ಬೀಳುತ್ತೆ, ಬಿಗಿ ಮಾಡಿದರೆ ತುಂಡಾಗುತ್ತೆ.

ಗಟ್ಟಿಯಾಗಲಿ ಅಂತ ಎರಡೆಳೆ ಸೇರಿಸಿ ಹೊಸೆದೆ. ಪ್ಯಾರಲಲ್ ಅಲ್ವಾ, ಅರ್ಧಕ್ಕೆ ಇಳಿದು 4 ಓಮ್ ಬರಬೇಕು. ಮೀಟರ್ 4.7 ತೋರಿಸಿತು. ಆಮೇಲೆ ಅಳೆದು ನೋಡಿದರೆ 66 ಸೆಂ.ಮೀ. ತಂತಿ ಹೊಸೆದ ಮೇಲೆ 60ಕ್ಕೆ ಇಳಿದಿತ್ತು. ಮೀಟರಿನ ಎರಡು ಪ್ರೋಬ್ ಸುಮ್ನೆ ಮುಟ್ಟಿಸಿದರೇ 0.2 ಬರುತ್ತೆ. ಅಲ್ಲಿಗೆ ಲೆಕ್ಕ ಸರಿಹೋಯ್ತು.

ಈಗ ಎರಡೂವರೆ ಆಂಪ್‌ಗಿಂತ ಜಾಸ್ತಿ ಬೇಕಾಗಿ ಅಡಾಪ್ಟರ್ ಆಫ್ ಆಗುತ್ತಿದೆ. 5 ಆಂಪ್‌ನದು ಎರವಲು ತಂದು ಹಾಕಿದೆ. ಹೊಸೆತ ಬಿಗಿಯಾಗಿರುವ ಕಡೆ ಥರ್ಮೋಕೋಲ್ ಕರಗಿ ಬೆರಳಗಲ ತಗ್ಗಾಗುತ್ತೆ, ಸಡಿಲ ಇರುವ ಕಡೆ ತಂತಿ ತಡೆದು ನಿಲ್ಲುತ್ತೆ. ಮೊದಲ ರೆಕ್ಕೆ ಹಾಳಾಯಿತು, ಮಗಳಿಗೆ ತುಂಬಾ ಬೇಜಾರಾಗಿದೆ.

ಮಾಡಿ ಗೊತ್ತಿರುವವರು ದಯವಿಟ್ಟು ಹೇಳಿ. ಡ್ರಿಲ್‌ಗೆ ಸಿಕ್ಕಿಸಿ ನಿಧಾನ ಹೊಸೆದರೆ ಒಂದೇ ಸಮ ಬರುತ್ತಾ? ಅಥವಾ ಹೊಸೆಯುವುದನ್ನೇ ಬಿಟ್ಟು, ಒಂಟಿ ಎಳೆಯ ಒಂದು ತುದಿಗೆ ಸ್ಪ್ರಿಂಗ್ ಹಾಕಿದರೆ ಜೋತು ಬೀಳುವುದು ನಿಲ್ಲುತ್ತಾ? ಎಷ್ಟು ಬಿಗಿಯ ಸ್ಪ್ರಿಂಗ್ ತರಲಿ?