ಅಡಿಲೇಡ್‌ನಲ್ಲಿ ಎಂಟು ದಿನ: ಯಾವುದನ್ನು ನೋಡಬೇಕು, ಯಾವುದನ್ನು ಬಿಡಬೇಕು?

ಪ್ರಶ್ನೆ: ನಮಸ್ಕಾರ ಸರ್. ಏಪ್ರಿಲ್ ತಿಂಗಳಿನಲ್ಲಿ ತಂದೆ-ತಾಯಿಯವರೊಂದಿಗೆ ಮೈಸೂರಿನಿಂದ ದಕ್ಷಿಣ ಆಸ್ಟ್ರೇಲಿಯಾದ ರಾಜಧಾನಿ ಅಡಿಲೇಡ್‌ಗೆ ಬರುತ್ತಿದ್ದೇವೆ. ಕೈಯಲ್ಲಿರುವುದು ಎಂಟೇ ದಿನ. ವೈನ್‌ಗೆ ಹೆಸರಾದ ಬರೋಸಾ ಕಣಿವೆ, ಕಾಂಗರೂ ದ್ವೀಪ, ಫ್ಲಿಂಡರ್ಸ್ ಬೆಟ್ಟಸಾಲು, ಕೂಬರ್ ಪೀಡಿ ಎಲ್ಲವನ್ನೂ ನಾವೇ ಕಾರು ಓಡಿಸಿಕೊಂಡು ನೋಡಬಹುದೇ? ತಂದೆಯವರಿಗೆ ಎಪ್ಪತ್ತು ವರ್ಷ, ಮದ್ಯ ಮುಟ್ಟುವವರಲ್ಲ. ಪ್ರವಾಸಿ ಮಾರ್ಗದರ್ಶಿಗಳಾದ ತಾವು ದಯವಿಟ್ಟು ಸಲಹೆ ನೀಡಬೇಕು.

ಉತ್ತರ: ನಮಸ್ಕಾರ. ಏಪ್ರಿಲ್ ಒಳ್ಳೆಯ ಕಾಲ. ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಇಲ್ಲಿಯ ಬೇಸಿಗೆ ಹಿರಿಯರಿಗೆ ತಡೆಯುವಂಥದ್ದಲ್ಲ. 2019ರ ಜನವರಿ 24ರಂದು ನಗರದಲ್ಲೇ 46.6 ಡಿಗ್ರಿ ತಾಪಮಾನ ದಾಖಲಾಗಿತ್ತು.

ನಿಮ್ಮ ಪಟ್ಟಿಯಿಂದ ಕೂಬರ್ ಪೀಡಿಯನ್ನು ಕೈಬಿಡಿ. ಅಲ್ಲಿನ ನೆಲದಡಿಯ ಮನೆಗಳೂ, 1915ರಲ್ಲಿ ಸಿಕ್ಕ ಓಪಲ್ ಎಂಬ ರತ್ನದ ಕಲ್ಲಿನಿಂದ ಹುಟ್ಟಿಕೊಂಡ ಗಣಿಗಳೂ ನೋಡತಕ್ಕವೇ ಆದರೂ, ಸುಮಾರು 850 ಕಿ.ಮೀ. ದೂರದ ಆ ಊರಿಗೆ ಹೋಗಿ ಬರುವುದರಲ್ಲೇ ಎರಡು ಪೂರ್ತಿ ದಿನ ಕಳೆದುಹೋಗುತ್ತವೆ. ಒಳನಾಡಿನ ಕೆಂಪು ನೆಲವನ್ನು ಕಾಣಲು ಅದರ ಅರ್ಧ ದೂರದಲ್ಲಿರುವ, ಫ್ಲಿಂಡರ್ಸ್ ಬೆಟ್ಟಸಾಲಿನ ವಿಲ್ಪೀನಾ ಪೌಂಡ್ ಎಂಬ, ಬೆಟ್ಟಗಳು ಸುತ್ತುವರಿದ ಬಟ್ಟಲಿನಂಥ ಜಾಗ ಸಾಕು. ಅಲ್ಲಿ ಮೂರು ರಾತ್ರಿ ತಂಗಿ. 1946ರಲ್ಲಿ ರೆಜ್ ಸ್ಪ್ರಿಗ್ ಎಂಬ ಭೂವಿಜ್ಞಾನಿ ಈ ಸೀಮೆಯ ಇಡಿಯಾಕರಾ ಗುಡ್ಡಗಳಲ್ಲಿ ಕಂಡ, ಸುಮಾರು 55 ಕೋಟಿ ವರ್ಷ ಹಳೆಯ ಮೆದುಮೈ ಜೀವಿಗಳ ಅಚ್ಚುಗಳಿಂದಲೇ ಭೂಮಿಯ ಇತಿಹಾಸದ ಒಂದು ಯುಗಕ್ಕೆ ಇಡಿಯಾಕರನ್ ಎಂಬ ಹೆಸರು ಬಂದಿದೆ. ಬಂಡೆಗಳ ನಡುವೆ ಹಳದಿ ಕಾಲಿನ ವಾಲಬಿಗಳೂ (ಕಾಂಗರೂ ಜಾತಿಯ ಚಿಕ್ಕ ಪ್ರಾಣಿಗಳು) ಕಾಣಸಿಗುತ್ತವೆ. ಅಲ್ಲಿನ ಸೇಂಟ್ ಮೇರಿ ಶಿಖರದ ತುದಿಯನ್ನು ಏರಬೇಡಿರೆಂದು ಆ ನೆಲದ ಮೂಲನಿವಾಸಿಗಳು ಕೇಳಿಕೊಂಡಿದ್ದಾರೆ. ಆ ಕೋರಿಕೆಯನ್ನು ದಯವಿಟ್ಟು ಗೌರವಿಸಿ.

ಒಂದು ಮಾತನ್ನು ಮಾತ್ರ ಒತ್ತಿ ಹೇಳುತ್ತೇನೆ: ಸೂರ್ಯ ಮುಳುಗುವ ಮುನ್ನ ತಂಗುವ ಜಾಗವನ್ನು ಸೇರಿಕೊಳ್ಳಿ. ಮುಸ್ಸಂಜೆಯಲ್ಲೂ ನಸುಕಿನಲ್ಲೂ ಕಾಂಗರೂಗಳು ಮೇಯಲು ರಸ್ತೆಯಂಚಿಗೆ ಬರುತ್ತವೆ. ಅಡ್ಡ ಬಂದಾಗ ಸ್ಟಿಯರಿಂಗ್ ತಿರುಗಿಸಿದರೆ ಕಾರು ಮಗುಚುವ ಅಪಾಯವಿರುವುದರಿಂದ, ನೇರವಾಗಿಯೇ ಬ್ರೇಕ್ ಹಾಕಿ. ಮಣ್ಣು ರಸ್ತೆಗೆ ಅನುಮತಿ ಇದೆಯೇ ಎಂಬುದನ್ನು ಕಾರಿನ ಬಾಡಿಗೆ ಕರಾರಿನಲ್ಲಿ ಮೊದಲೇ ಓದಿಕೊಳ್ಳಿ.

ಕಾಂಗರೂ ದ್ವೀಪಕ್ಕೆ ಎರಡು ರಾತ್ರಿ ಬೇಕು. ಕೇಪ್ ಜರ್ವಿಸ್‌ನಿಂದ ಹಡಗಿನಲ್ಲಿ ಮುಕ್ಕಾಲು ಗಂಟೆ ಹಿಡಿಯುತ್ತದೆ, ಕಾರನ್ನೂ ಒಯ್ಯಬಹುದು. ದ್ವೀಪದ ಸೀಲ್ ಬೇ ಎಂಬ ಕಡಲತೀರದಲ್ಲಿ ಮರದ ಹಲಗೆಯ ದಾರಿ ಇರುವುದರಿಂದ ತಂದೆಯವರೂ ಮರಳಿಗೆ ಇಳಿಯದೆಯೇ ಕಡಲಸಿಂಹಗಳನ್ನು ನೋಡಬಹುದು.

ಬರೋಸಾಕ್ಕೆ ಒಂದು ದಿನ ಸಾಕು, ಮದ್ಯ ಕುಡಿಯದವರಿಗೂ ಅದು ಬೇಸರ ತರುವುದಿಲ್ಲ. 1842ರಿಂದ ಇಲ್ಲಿ ನೆಲೆಸಿದ ಜರ್ಮನ್ ಲೂಥರನ್ ಕುಟುಂಬಗಳ ಕಾಲದ ದ್ರಾಕ್ಷಿ ಬಳ್ಳಿಗಳಲ್ಲಿ ಕೆಲವು ಇಂದಿಗೂ ಹಣ್ಣು ಕೊಡುತ್ತಿವೆ. ಯುರೋಪಿನ ತೋಟಗಳನ್ನು ಹಾಳುಗೆಡವಿದ ಫಿಲಾಕ್ಸೆರಾ ಎಂಬ ಬೇರುಕೀಟ ಈ ರಾಜ್ಯಕ್ಕೆ ಕಾಲಿಟ್ಟಿಲ್ಲ. ಅದು ಪಾದರಕ್ಷೆಯ ಮಣ್ಣಿನಲ್ಲೂ ಬರಬಹುದಾದ್ದರಿಂದ, ಫೋಟೋಗೆಂದು ಬಳ್ಳಿಗಳ ಸಾಲಿನೊಳಗೆ ಹೋಗಬೇಡಿ. ಕಾರು ಓಡಿಸುವವರು ವೈನ್ ರುಚಿ ನೋಡದಿರುವುದೇ ಸರಿ.

ಮರುಪ್ರಶ್ನೆ: ಧನ್ಯವಾದಗಳು ಸರ್. ಅಮ್ಮ ಚಟ್ನಿಪುಡಿ, ಉಪ್ಪಿನಕಾಯಿ, ಕೊಡಗಿನ ಜೇನುತುಪ್ಪ ಕಟ್ಟಿಡುತ್ತಿದ್ದಾರೆ. ತರಬಹುದೇ? ಅಪ್ಪನವರಿಗೆ ಅಡಿಲೇಡ್ ಓವಲ್ ಕ್ರಿಕೆಟ್ ಮೈದಾನ ನೋಡುವ ಆಸೆ.

ಉತ್ತರ: ಆಹಾರ ಪದಾರ್ಥ ಏನೇ ಇದ್ದರೂ ವಿಮಾನದಲ್ಲಿ ಕೊಡುವ ಚೀಟಿಯಲ್ಲಿ ತಪ್ಪದೆ ನಮೂದಿಸಿ; ಮುಚ್ಚಿಟ್ಟರೆ ಭಾರಿ ದಂಡ ಬೀಳುತ್ತದೆ. ಜೇನುತುಪ್ಪವನ್ನು ಮನೆಯಲ್ಲೇ ಬಿಟ್ಟು ಬರಲು ಅಮ್ಮನವರಿಗೆ ಹೇಳಿ. ಇಟಲಿಯ ಲಿಗೂರಿಯಾ ತಳಿಯ ಜೇನುನೊಣಗಳನ್ನು ರೋಗ ತಗಲದಂತೆ ಕಾಪಾಡಿಕೊಂಡು ಬಂದಿರುವ ಕಾಂಗರೂ ದ್ವೀಪಕ್ಕೆ ಹೊರಗಿನ ಜೇನುತುಪ್ಪ ನಿಷಿದ್ಧ. ಅಲ್ಲಿಯದನ್ನೇ ಸವಿಯಿರಿ.

ಓವಲ್‌ಗೆ ಕೊನೆಯ ದಿನದ ಬೆಳಗ್ಗೆಯನ್ನು ಮೀಸಲಿಡಿ. 2003ರ ಡಿಸೆಂಬರ್‌ನಲ್ಲಿ ನಮ್ಮ ರಾಹುಲ್ ದ್ರಾವಿಡ್ 233 ಮತ್ತು ಔಟಾಗದೆ 72 ರನ್ ಗಳಿಸಿ ಭಾರತವನ್ನು ಗೆಲ್ಲಿಸಿದ್ದು ಅಲ್ಲಿಯೇ.